ಚೇಂಬರ್ ಆಫ್ ಕಾಮರ್ಸ್ ಮೆಂಬರ್ ಆದ್ರ ನಮ್ಮಂಥ ಸಣ್ಣ ಮಂದಿಗೆ ಏನರ ಉಪಯೋಗ ಐತೇನ್ರಿ?

ಬೆಟಗೇರಿ_ರೊಟ್ಟಿ

ನಮಸ್ಕಾರ್ರಿ ಎಲ್ಲಾರಿಗೂ. ನಾನು ಗದಗ-ಬೆಟಗೇರಿಯಾಕಿ, ಏಳು ವರ್ಷದಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಮಾಡಿ ಮಾರ್ತೀನಿ. ಮನಿ ಅಡಗಿ ಮನ್ಯಾಗ ಚಾಲೂ ಮಾಡಿದ್ದು, ಈಗ ಬಾಡಿಗಿ ಶೆಡ್ಡಿನ್ಯಾಗ ಒಂಬತ್ತು ಮಂದಿ ಹೆಣ್ಮಕ್ಕಳು ಅದೀವಿ, ದಿನಾ ಸಾವಿರದ ಮ್ಯಾಲೆ ರೊಟ್ಟಿ ಬಡೀತೀವಿ. ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರಿಗೆ ಮಾಲ್ ಹೋಗ್ತೈತಿ.

ಈಗ ದುಬೈನ್ಯಾಗ ನಮ್ಮ ಕಡೆಯವರ ಒಬ್ರು ಕಿರಾಣಿ ಅಂಗಡಿ ಇಟ್ಟಾರ, 40 ಬಾಕ್ಸ್ ಕಳಿಸ್ರಿ ಅಂತ ಕೇಳ್ಯಾರ. ಏನೇನ್ ಕಾಗದ ಬೇಕು ಅಂತ ಒಂದು ಪಟ್ಟಿ ಕಳಿಸ್ಯಾರ, ಅದ್ರಾಗ "ಚೇಂಬರ್ ಆಫ್ ಕಾಮರ್ಸ್‌ದಿಂದ ಸರ್ಟಿಫಿಕೇಟ್ ಆಫ್ ಒರಿಜಿನ್" ಅಂತ ಐತಿ. ಇದು ಸರ್ಕಾರದ ಆಫೀಸೋ ಇಲ್ಲಾ ಸಂಘನೋ ನನಗ ಗೊತ್ತಿಲ್ರಿ. ನಮ್ಮ ಮನಿಯವ್ರು "ಅದು ಮಿಲ್ಲಿನವ್ರದು, ದಲಾಲಿ ಅಂಗಡಿಯವ್ರದು, ನಮ್ಮನ್ನ ಒಳಗ ಯಾರ್ ಬಿಟ್ಕೋತಾರ" ಅಂತಾರ. ಮೆಂಬರ್ ಆಗಾಕ ಬೇಕಾ? ಆದ್ರ ಈ ಒಂದು ಸರ್ಟಿಫಿಕೇಟ್ ಬಿಟ್ಟು ಮತ್ತೇನರ ಸಿಗ್ತೈತಾ? ಇನ್ನೊಂದು ತಾಪತ್ರಯ ಐತಿ, ಬೆಂಗಳೂರಿನ ಒಂದು ಅಂಗಡಿಯವ್ರು ನಾಕು ತಿಂಗಳಾತು ಬಿಲ್ ಕೊಟ್ಟಿಲ್ಲ, ಫೋನ್ ಎತ್ತೂದಿಲ್ಲ. ಇಂಥಾದ್ದಕ್ಕೂ ಅವ್ರು ಏನರ ಮಾಡ್ತಾರೇನು? ತಿಳಿದವ್ರು ಸ್ವಲ್ಪ ಹೇಳ್ರಿ.

ಕೇಶ್ವಾಪುರ_ಲೆಕ್ಕ

ಅಕ್ಕಾರ, ಚೇಂಬರ್ ಸರ್ಕಾರದ ಆಫೀಸ್ ಅಲ್ರಿ. ವ್ಯಾಪಾರಸ್ಥರು, ಕಾರಖಾನಿಯವರು ತಾವ ರೊಕ್ಕ ಹಾಕಿ ಕಟ್ಟಿಕೊಂಡ ಸಂಸ್ಥೆ, ಲಾಭ ಹಂಚಿಕೊಳ್ಳೂ ಹಂಗಿಲ್ಲ. ಫ್ರಾನ್ಸಿನಂಥ ದೇಶದಾಗ ಅದಕ್ಕ ಕಾನೂನಿನ ಬಲ ಇರ್ತದ, ನಮ್ಮಲ್ಲಿ ಸೇರೂದು ಬಿಡೂದು ನಿಮ್ಮ ಮರ್ಜಿ. ಮಂದಿ ಎಪಿಎಂಸಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಚೇಂಬರ್ ಮೂರೂ ಒಂದ ಅಂತ ತಿಳ್ಕೊಂಡಿರ್ತಾರ. ಎಪಿಎಂಸಿ ಕಾಯ್ದೆದಿಂದ ಆದದ್ದು, ಮಾರ್ಕೆಟ್ ನಡಸ್ತದ. ಕೈಗಾರಿಕಾ ಕೇಂದ್ರ ಸರ್ಕಾರದ್ದು, ಸಾಲದ ಸ್ಕೀಮು, ಸಬ್ಸಿಡಿ ಅರ್ಜಿ ಅಲ್ಲಿ. ಚೇಂಬರ್‌ನವ್ರ ಕೈಯಾಗ ಸಬ್ಸಿಡಿ ಇರೂದಿಲ್ಲ, ಆದ್ರ ಯಾವ ಅರ್ಜಿ ಯಾವ ಟೇಬಲ್ಲಿಗೆ ಹೋಗಬೇಕು ಅನ್ನೂದು ಅಲ್ಲಿ ಕುಂತವ್ರಿಗೆ ಗೊತ್ತಿರ್ತದ.

ಸರ್ಟಿಫಿಕೇಟ್ ಆಫ್ ಒರಿಜಿನ್ ಅಂದ್ರ "ಈ ಮಾಲು ಭಾರತದಾಗ ತಯಾರಾದದ್ದು" ಅಂತ ಮೂರನೇದವ್ರು ಕೊಡೂ ದಾಖಲೆ. ನೀವ ಬರದು ಕೊಟ್ರ ಅಲ್ಲಿ ಕಸ್ಟಮ್ಸ್‌ನವ್ರು ಒಪ್ಪೂದಿಲ್ಲ, ಅದಕ್ಕ ಚೇಂಬರ್ ಸಹಿ. ಇದ್ರಾಗ ಎರಡು ನಮೂನಿ ಅದಾವ, ದುಬೈನವ್ರಿಗೆ ಮೊದಲ ಕೇಳಿಕೊಳ್ರಿ ಯಾವುದು ಬೇಕು ಅಂತ. ಸಾದಾ ನಮೂನಿಗೆ ನಾನ್-ಪ್ರಿಫರೆನ್ಶಿಯಲ್ ಅಂತಾರ, ಇದನ್ನ ಡಿಜಿಎಫ್‌ಟಿ (ಕೇಂದ್ರ ಸರ್ಕಾರದ ವಿದೇಶಿ ವ್ಯಾಪಾರದ ಕಚೇರಿ) ಅಧಿಕಾರ ಕೊಟ್ಟಿರೂ ಚೇಂಬರ್‌ಗಳು ಕೊಡ್ತಾವ, ಅರ್ಜಿ ಈಗ ಆನ್‌ಲೈನ್ ಹಾಕೂದು. ಇನ್ನೊಂದು ಪ್ರಿಫರೆನ್ಶಿಯಲ್. ಯುಎಇ ಜೊತಿ ನಮ್ಮ ದೇಶದ ಒಪ್ಪಂದ 2022ರ ಮೇ 1ರಿಂದ ಜಾರಿಯೊಳಗ ಅದ, ಆ ಒಪ್ಪಂದದ ಪ್ರಕಾರ ಅಲ್ಲಿ ಸುಂಕ ಕಡಿಮಿ ಆಗಬೇಕಂದ್ರ ಆ ನಮೂನಿನ ಬೇಕು, ಅದನ್ನ ಕೊಡೂ ಸಂಸ್ಥೆಗಳ ಪಟ್ಟಿ ಬ್ಯಾರೆ, ಎಕ್ಸ್‌ಪೋರ್ಟ್ ಇನ್‌ಸ್ಪೆಕ್ಷನ್ ಏಜನ್ಸಿಯಂಥಾವು. ಅಲ್ಲಿ ಹೆಚ್ಚಿನ ಮಾಲಿಗೆ ಸುಂಕ 5% ಇರ್ತದ, 40 ಬಾಕ್ಸಿಗೆ ಅದು ಸಣ್ಣ ಮೊತ್ತ ಅನಸಬಹುದು, ಆದ್ರ ಮುಂದ ಆರ್ಡರ್ ಬೆಳೆದಾಗ ನಿಮ್ಮ ಗಿರಾಕಿ ಇದನ್ನ ಕೇಳೇ ಕೇಳ್ತಾರ.

ಮೆಂಬರ್ ಅಲ್ಲದವ್ರಿಗೂ ಭಾಳ ಕಡೆ ಕೊಡ್ತಾರ, ಫೀ ಸ್ವಲ್ಪ ಜಾಸ್ತಿ ಇರ್ತದ. ಅದಕ್ಕಿಂತ ಮೊದಲ ಐಇಸಿ ನಂಬರ್, ಅಂದ್ರ ಆಮದು-ರಫ್ತು ಮಾಡೋರಿಗೆ ಬೇಕಾದ ಕೋಡ್, ಮಾಡಿಸ್ಯೀರೇನು? ಸರ್ಕಾರದ ಫೀ 500 ರೂಪಾಯಿ ಅಷ್ಟ, ಏಜೆಂಟರಿಗೆ ಸಾವಿರಗಟ್ಟಲೆ ಕೊಡಬ್ಯಾಡ್ರಿ. ಪ್ರತಿ ವರ್ಷ ಏಪ್ರಿಲ್‌ದಿಂದ ಜೂನ್ ಒಳಗ ಅದನ್ನ ಪೋರ್ಟಲ್‌ನ್ಯಾಗ ಅಪ್‌ಡೇಟ್ ಮಾಡಬೇಕು, ಏನೂ ಬದಲಾಗಿಲ್ಲ ಅಂದ್ರೂ ಮಾಡಬೇಕು, ಇಲ್ಲಂದ್ರ ಬಂದ್ ಆಗ್ತದ. ನನ್ನ ಕಡೆ ಬರೂ ಸಣ್ಣ ಎಕ್ಸ್‌ಪೋರ್ಟರ್‌ಗಳು ಮಾಲು ಬಂದರಿಗೆ ಹೋದ ಮ್ಯಾಲೆ ಇದನ್ನ ನೋಡಿ ತಲಿ ಮ್ಯಾಲೆ ಕೈ ಇಟ್ಕೊಂಡದ್ದು ಭಾಳ ಸಲ ಕಂಡೇನಿ. ಮತ್ತ ತಿನ್ನೂ ಮಾಲು ಎಕ್ಸ್‌ಪೋರ್ಟಿಗೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸೆಂಟ್ರಲ್ ಲೈಸೆನ್ಸ್ ಬೇಕು, ನಿಮ್ಮ ಕಡೆ ಬರೇ ರಜಿಸ್ಟ್ರೇಷನ್ ಇದ್ರ ಅದು ನಡೆಯೂದಿಲ್ಲ.

ತಾರಿಹಾಳ_ಲೇಥ್

ಅಕ್ಕಾ ನಿಮ್ಮ ಬೆಂಗಳೂರಿನ ಬಿಲ್ಲಿನ ಮಾತು ಓದಿ ಕೈ ಕಟ್ಕೊಂಡು ಕೂಡಾಕ ಆಗಲಿಲ್ಲ. ನಂದು ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಾಗ ಎರಡು ಲೇಥು, ಒಂದು ಡ್ರಿಲ್ಲಿಂಗ್ ಮಷಿನ್, ಪಂಪಿನ ಶಾಫ್ಟು ಬುಷ್ಶು ಟರ್ನಿಂಗ್ ಮಾಡಿ ಕೊಡ್ತೀನಿ. ಬ್ಯಾರೆ ರಾಜ್ಯದ ಒಂದು ಕಂಪನಿ ನಂದು 4 ಲಕ್ಷ 20 ಸಾವಿರ ಏಳು ತಿಂಗಳು ಕೊಡಲಿಲ್ಲ. ಬರೇ ಮುಂದಿನ ವಾರ ಮುಂದಿನ ವಾರ. ಕಬ್ಬಿಣದ ಅಂಗಡಿಯವ್ರು ನನಗ ಉದ್ರಿ ಕೊಡೂದು ನಿಲ್ಲಿಸಿದ್ರು, ಇಬ್ಬರು ಹುಡುಗರ ಪಗಾರ ಬಾಕಿ, ರಾತ್ರಿ ನಿದ್ದಿ ಬರ್ತಿದ್ದಿಲ್ಲ.

ಹುಬ್ಬಳ್ಳಿ ಚೇಂಬರ್‌ನ್ಯಾಗ ಸಣ್ಣ ಉದ್ಯಮದವ್ರ ಒಂದು ಕಾರ್ಯಕ್ರಮ ಇತ್ತು, ಗೆಳೆಯಾ ಕರಕೊಂಡು ಹೋದ. ನನ್ನ ಬಾಜೂ ಕುಂತ ಫೌಂಡ್ರಿಯವ್ರು ಚಾ ಕುಡಿಯೂ ಹೊತ್ತಿನ್ಯಾಗ ಕೇಳಿದ್ರು, "ತಮ್ಮಾ, ಉದ್ಯಮ್ ರಜಿಸ್ಟ್ರೇಷನ್ ಐತೇನು ನಿಂದು?" ಅಂದ್ರ ಸಣ್ಣ ಉದ್ಯಮ ಅಂತ ಸರ್ಕಾರದಾಗ ಮಾಡಿಸೂ ನೋಂದಣಿ. ಐತ್ರಿ ಅಂದೆ. "ಮತ್ಯಾಕ ಅಳ್ತಿ, 2006ರ ಎಂಎಸ್‌ಎಂಇ, ಅಂದ್ರ ಸಣ್ಣ ಉದ್ಯಮದ ಕಾಯ್ದೆ ಐತಲ್ಲ" ಅಂದ್ರು. ಅಲ್ಲಿ ತನಕ ನನಗ ಆ ಕಾಯ್ದೆ ಇದ್ದದ್ದ ಗೊತ್ತಿದ್ದಿಲ್ರಿ.

ಕಾಯ್ದೆ ಹಿಂಗೈತಿ. ಸಣ್ಣ ಘಟಕದಿಂದ ಮಾಲು ತಗೊಂಡವ್ರು ಕರಾರು ಏನ ಇರ್ಲಿ 45 ದಿನದ ಒಳಗ ರೊಕ್ಕ ಕೊಡಬೇಕು, ಲಿಖಿತ ಕರಾರು ಇಲ್ಲಂದ್ರ 15 ದಿನ. ತಪ್ಪಿದ್ರ ರಿಸರ್ವ್ ಬ್ಯಾಂಕ್ ಸಾರಿದ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ. ದೂರು ಎಂಎಸ್‌ಎಂಇ ಇಲಾಖೆಯ ಪೋರ್ಟಲ್‌ನ್ಯಾಗ ಹಾಕಿದ್ರ ಇಂಥಾ ಬಾಕಿ ವ್ಯಾಜ್ಯ ಬಗೀಹರಿಸೂ ಸರ್ಕಾರದ ಫೆಸಿಲಿಟೇಶನ್ ಕೌನ್ಸಿಲ್ ಮುಂದ ಹೋಗ್ತೈತಿ. ಕೌನ್ಸಿಲ್ ಆದೇಶದ ಮ್ಯಾಲೆ ಅವ್ರು ಕೋರ್ಟಿಗೆ ಹೋಗಬೇಕಂದ್ರ 75% ರೊಕ್ಕ ಮೊದಲ ಡಿಪಾಸಿಟ್ ಇಡಬೇಕು, ಅದಕ್ಕ ಸುಮ್ಮನ ಎಳದಾಡಾಕ ಹೆದರ್ತಾರ.

ಚೇಂಬರ್‌ನವ್ರು ನನ್ನ ಪರವಾಗಿ ವಸೂಲಿ ಮಾಡಿ ಕೊಡಲಿಲ್ಲ, ಅದು ಅವ್ರ ಕೆಲಸನೂ ಅಲ್ಲ. ಆದ್ರ ಕಾಗದ ಹೆಂಗ ಜೋಡಸಬೇಕು ಅಂತ ಅಲ್ಲೆ ಕುಂದರಿಸಿ ತೋರಿಸಿದ್ರು. ಹನ್ನೊಂದು ಬಿಲ್ ಇದ್ವು, ಅದ್ರಾಗ ಎರಡರ ಚಲನ್ ಮ್ಯಾಲೆ ಮಾಲು ಮುಟ್ಟಿದ್ದಕ್ಕ ಸಹಿ ಇದ್ದಿಲ್ಲ. ನಾನು ಆ ಎರಡು ಹೋದಂಗ ಅಂದ್ಕೊಂಡಿದ್ದೆ, ಟ್ರಾನ್ಸ್‌ಪೋರ್ಟ್ ಆಫೀಸಿಗೆ ಹೋಗಿ ಎಲ್‌ಆರ್ (ಲಾರಿಯವ್ರ ರಸೀದಿ) ಕಾಪಿ ತಗೊಂಡು ಬಾ ಅಂದ್ರು, ತಂದೆ, ಕೇಸ್ ಗಟ್ಟಿ ಆತು. ನೋಟಿಸ್ ಹೋದ ಮ್ಯಾಲೆ ಆ ಕಂಪನಿ ಮೂರು ಕಂತಿನ್ಯಾಗ ಅಸಲು ಕೊಟ್ಟು ಮುಗಿಸಿತು, ಬಡ್ಡಿ ನಾನ ಬಿಟ್ಟೆ.

ನೀವೂ ತಯಾರು ಮಾಡೋರು, ಬರೇ ತಂದು ಮಾರೋರು ಅಲ್ಲ, ಅದಕ್ಕ ಇದು ನಿಮಗ ಹತ್ತತೈತಿ. ಉದ್ಯಮ್ ರಜಿಸ್ಟ್ರೇಷನ್ ಇಲ್ಲಂದ್ರ ಇವತ್ತ ಮಾಡಿಸ್ರಿ, ಪುಕ್ಕಟ ಐತಿ, ಮಾಲು ಕೊಡೂಕಿಂತ ಮೊದಲಿನಿಂದ ಇದ್ರ ವಾದ ಗಟ್ಟಿ.

ಕೊಪ್ಪೀಕರ್_ರೋಡ್

ಎಲ್ಲಾರೂ ಛಲೋ ಛಲೋದ್ದ ಹೇಳಾಕತ್ತೀರಿ, ಇನ್ನೊಂದು ಕಡೆನೂ ಕೇಳ್ರಿ. ನಮ್ಮ ಅಪ್ಪಾರು ಒಂದು ವ್ಯಾಪಾರಿ ಸಂಘದಾಗ ಹನ್ನೆರಡು ವರ್ಷ ಮೆಂಬರ್ ಇದ್ರು, ಯಾವ ಊರು ಯಾವ ಸಂಘ ಅಂತ ಹೇಳೂದಿಲ್ಲ. ವರ್ಷಾ ವರ್ಷಾ ಚಂದಾ ಕಟ್ಟಿದ್ರು, ಸಿಕ್ಕಿದ್ದು ಡೈರಿ, ಕ್ಯಾಲೆಂಡರ್, ಮಂತ್ರಿ ಬಂದಾಗ ಶಾಲು ಹಾಕೂ ಕಾರ್ಯಕ್ರಮದ ಆಮಂತ್ರಣ. ನಮ್ಮ ಅಂಗಡಿ ಮುಂದ ರಸ್ತೆ ಅಗದು ಎಂಟು ತಿಂಗಳು ಹಂಗ ಬಿಟ್ಟಿದ್ರು, ಗಿರಾಕಿ ಕಾಲಿಡಾಕ ಬರ್ತಿದ್ದಿಲ್ಲ, ಮೂರು ಸಲ ಪತ್ರ ಕೊಟ್ರೂ ಸಂಘದವ್ರು ಒಂದು ಸಲನೂ ಪಾಲಿಕೆ ಕಡೆ ಹೋಗಲಿಲ್ಲ. ಅಪ್ಪಾರು ಬ್ಯಾಸತ್ತು ಬಿಟ್ರು. ಸಣ್ಣೋರ ದನಿ ಅಲ್ಲಿ ಕೇಳೂದಿಲ್ಲ ಅಂತ ನನ್ನ ಅನುಭವ. ಅಕ್ಕಾರು ರೊಕ್ಕ ಕಟ್ಟೂ ಮೊದಲ ವಿಚಾರ ಮಾಡ್ಲಿ ಅಂತ ಬರದೆ.

ಹಳೇಹುಬ್ಬಳ್ಳಿ_ಹಿರಿಯ

ಕೊಪ್ಪೀಕರ್ ರೋಡಿನ ತಮ್ಮಾ, ನಿಮ್ಮ ತಂದೆಯವರ ನೋವು ಖರೇನ ಐತಿ, ಅಂಥಾ ಸಂಘಗಳನ್ನ ನಾನೂ ಕಂಡೀನಿ. ಆದ್ರ ಇದು ಯಾಕ ಹುಟ್ಟಿತು ಅನ್ನೂದು ಸ್ವಲ್ಪ ಹೇಳ್ತೀನಿ, ನಮ್ಮ ಅಜ್ಜಾರು ಹತ್ತಿ ಅಡತಿ ಅಂಗಡಿಯೊಳಗ ಮುನೀಮರಿದ್ರು.

ಹುಬ್ಬಳ್ಳಿಯೊಳಗ ಕರ್ನಾಟಕ ಚೇಂಬರ್ ಸ್ಥಾಪನಾ ಆದದ್ದು 1928ರಾಗ. ಆಗ ನಾವು ಮುಂಬೈ ಪ್ರಾಂತದವ್ರು, ಮೈಸೂರು ಸಂಸ್ಥಾನ ಬ್ಯಾರೆ, ಬೆಂಗಳೂರಿನ ಚೇಂಬರ್ 1916ರಾಗ ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಆದದ್ದು. ಹಿಂಗಾಗಿ ಒಂದ ಭಾಷಾದ ನಾಡಿನ್ಯಾಗ ಎರಡು ಹಳೇ ಚೇಂಬರ್ ಅದಾವು. ನಮ್ಮ ಹತ್ತಿ, ಶೇಂಗಾ, ಮೆಣಸಿನಕಾಯಿ ವ್ಯಾಪಾರದ ಕಾಯ್ದೆ, ರೈಲ್ವೆ ಬಾಡಿಗಿ, ತೆರಿಗೆ ಎಲ್ಲಾ ದೂರದ ಮುಂಬೈಯೊಳಗ ತೀರ್ಮಾನ ಆಗ್ತಿತ್ತು, ಒಬ್ಬೊಬ್ಬ ಸಾವಕಾರ ಅರ್ಜಿ ಬರದ್ರ ಯಾರ್ ಓದ್ತಾರ, ಅದಕ್ಕ ಕೂಡಿ ಒಂದು ದನಿ ಬೇಕಾತು. ನಮ್ಮ ಸೀಮಿಗೆ ಕೂಡಿ ಮಾಡೂದು ಹೊಸಾದಲ್ಲ, ಗದಗ ಹತ್ರದ ಕಣಗಿನಹಾಳದಾಗ 1905ರಾಗ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ರು, ಅಕ್ಕಾರಿಗೆ ಆ ಊರು ಗೊತ್ತಿರಬೇಕು.

ಆ ದನಿ ಈಗ ಎಲ್ಲೆ ಐತಿ ಅಂದ್ರ, ಕರೆಂಟ್ ಬಿಲ್ಲಿನ್ಯಾಗ ನೋಡ್ರಿ. 2023ರ ಮೇ ತಿಂಗಳಾಗ ವಿದ್ಯುತ್ ನಿಯಂತ್ರಣ ಆಯೋಗ ಯೂನಿಟ್ಟಿಗೆ ಸರಾಸರಿ 70 ಪೈಸೆ ಏರಿಸಿತು, ಅದೂ ಏಪ್ರಿಲ್‌ದಿಂದ ಲೆಕ್ಕ ಹಿಡಿದು. ಜೂನ್ ಬಿಲ್ ಕೈಗೆ ಬಂದಾಗ ಹಿಟ್ಟಿನ ಗಿರಣಿಯವ್ರಿಂದ ಹಿಡಿದು ದೊಡ್ಡ ಕಾರಖಾನಿ ತನಕ ಎಲ್ಲಾರೂ ಕಂಗಾಲ. ಆಗ ಹುಬ್ಬಳ್ಳಿ ಚೇಂಬರ್ ಮುಂದ ನಿಂತು ಜೂನ್ 22ಕ್ಕ ಬಂದ್ ಕರೆ ಕೊಟ್ಟಿತು, ಬ್ಯಾರೆ ಜಿಲ್ಲೆಗಳ ಚೇಂಬರ್‌ಗಳೂ ಕೈ ಜೋಡಿಸಿದ್ವು. ಬೀದಿಗಿಳಿಯೂದು ಒಂದು ದಿನದ ಕೆಲಸ, ನನಗ ಅದಕ್ಕಿಂತ ಮುಖ್ಯ ಅನಸೂದು ದರ ಏರಿಸೂ ಮೊದಲ ಆಯೋಗ ನಡಸೂ ಬಹಿರಂಗ ವಿಚಾರಣೆ. ಅಲ್ಲೆ ನಮ್ಮ ಕರೆಂಟ್ ಕಂಪನಿ ಹೆಸ್ಕಾಂ ಕೊಟ್ಟ ಲೆಕ್ಕದ ಮ್ಯಾಲೆ ಆಕ್ಷೇಪಣಾ ಬರದು ಕೊಡಬಹುದು, ಯಾರ್ ಬೇಕಾದ್ರೂ ಕೊಡಬಹುದು, ಆದ್ರ ನೂರಾರು ಪುಟದ ಲೆಕ್ಕ ಓದಿ, ಎಷ್ಟು ಕರೆಂಟ್ ಸೋರಿ ಹೋಗ್ತೈತಿ, ಯಾರ ಮ್ಯಾಲೆ ಯಾಕ ಹೇರ್ತೀರಿ ಅಂತ ಕೇಳಾಕ ರೊಟ್ಟಿ ಬಡಿಯೋರಿಗೆ ವ್ಯಾಳ್ಯಾ ಎಲ್ಲೈತಿ? ಆ ಕೆಲಸ ಒಂದು ಸಂಸ್ಥೆನ ಮಾಡಬೇಕು. ಮಾಡದಿದ್ರ ಮೆಂಬರ್ ಆದವ್ರು ವಾರ್ಷಿಕ ಸಭೆಯೊಳಗ ಎದ್ದು ನಿಂತು ಕೇಳಬೇಕು, ಚುನಾವಣ್ಯಾಗ ಓಟ್ ಹಾಕಬೇಕು. ನಿಮ್ಮ ಅಪ್ಪಾರಂಥವ್ರು ಬ್ಯಾಸತ್ತು ಬಿಟ್ಟಷ್ಟೂ ಶಾಲಿನ ಮಂದಿ ಉಳೀತಾರ, ಅದು ನನ್ನ ಸಂಕಟ.

ಬ್ಯಾಡಗಿ_ಡಬ್ಬಿ

ಅಕ್ಕಾರ, ನಾನು ಬ್ಯಾಡಗಿಯೊಳಗ ಮೆಣಸಿನಕಾಯಿ ವ್ಯಾಪಾರದವ, ಕಡ್ಡಿ, ಡಬ್ಬಿ ಎರಡೂ ತಳಿ ಮಾಡ್ತೀವಿ. ನಮ್ಮಲ್ಲೆ ವರ್ತಕರ ಸಂಘ ಐತಿ, ಅದು ಒಂದ ಮಾಲಿನವ್ರದು, ತೂಕ, ಟೆಂಡರ್, ಹಮಾಲರ ಪ್ರಶ್ನಾ ಅಲ್ಲೆ ಬಗೀಹರೀತಾವು. ಚೇಂಬರ್‌ನ್ಯಾಗ ಬಟ್ಟಿ ಅಂಗಡಿಯವ್ರು, ಲೇಥಿನವ್ರು, ಲಾರಿಯವ್ರು ಎಲ್ಲಾ ಇರ್ತಾರ. ನಮ್ಮ ಊರ ಹೊರಗಿನ ಕೆಲಸಕ್ಕ ನನಗ ಅದ ಉಪಯೋಗ ಬಿದ್ದದ್ದು. 2011ರಾಗ ಬ್ಯಾಡಗಿ ಮೆಣಸಿನಕಾಯಿಗೆ ಜಿಐ (ಆ ಸೀಮಿದ ಮಾಲು ಅನ್ನೂ ಸರ್ಕಾರದ ಗುರುತು) ಸಿಕ್ಕೈತಿ, ಬಣ್ಣಕ್ಕ ಹೆಸರಾಗೈತಿ, ಆದ್ರ ಹೊರದೇಶದ ಗಿರಾಕಿಗೆ ನನ್ನ ಅಂಗಡಿ ಹೆಸರು ಗೊತ್ತಿರೂದಿಲ್ಲಲ್ರಿ, ಮೇಳಕ್ಕ ಹೋಗೂ ಹೊತ್ತಿನ್ಯಾಗ ವೀಸಾಕ್ಕ ಚೇಂಬರ್ ಪತ್ರ ಕೊಟ್ಟೆ, ಕೆಲಸ ಸಲೀಸಾತು.

ಎರಡು ಮಾತು ನೆನಪಿಡ್ರಿ. ಒಂದು, ಗುರುತಿನವ್ರು ಅಂತ ಪೂರಾ ಉದ್ರಿ ಕೊಡಬ್ಯಾಡ್ರಿ, ನಮ್ಮ 45 ದಿನದ ಕಾಯ್ದೆ ದುಬೈನ್ಯಾಗ ನಡೆಯೂದಿಲ್ಲ. ಅರ್ಧ ಮುಂಗಡ ತಗೊಳ್ರಿ, ದೊಡ್ಡ ಆರ್ಡರ್ ಬಂದಾಗ ಇಸಿಜಿಸಿ ವಿಮಾ ಕೇಳ್ರಿ, ಹೊರದೇಶದ ಗಿರಾಕಿ ರೊಕ್ಕ ಕೊಡದಿದ್ರ ಅದಕ್ಕ ಸರ್ಕಾರದ ಕಂಪನಿ ಅದು. ಎರಡು, ಹಿಂಡಿಯೊಳಗ ಶೇಂಗಾ ಐತಿ, ಬೂಷ್ಟು ಹಿಡಿದ ಶೇಂಗಾದಾಗ ಅಫ್ಲಾಟಾಕ್ಸಿನ್ ಅಂತ ವಿಷ ಇರ್ತೈತಿ, ಹೊರದೇಶದಾಗ ಅದನ್ನ ಚೆಕ್ ಮಾಡ್ತಾರ. ಲ್ಯಾಬ್ ರಿಪೋರ್ಟ್ ಇಲ್ಲದ ಮಾಲು ಹಡಗು ಹತ್ತಿಸಬ್ಯಾಡ್ರಿ.

ಬೆಟಗೇರಿ_ರೊಟ್ಟಿ

ಎಲ್ಲಾ ಅಣ್ಣಾರಿಗೂ ಹಿರಿಯರಿಗೂ ಕೈ ಮುಗಿದೆ. ಹದಿನೈದು ದಿನ ಆದ ಮ್ಯಾಲೆ ಬರ್ಯಾಕತ್ತೀನಿ. ಮನಿಯವ್ರನ್ನ ಕರಕೊಂಡು ಹುಬ್ಬಳ್ಳಿಗೆ ಹೋಗಿ ಬಂದೆ. ಆಫೀಸಿನ್ಯಾಗ ಕುಂತವ್ರು ನನ್ನ ಕಾಗದ ಎಲ್ಲಾ ಮೇಜಿನ ಮ್ಯಾಲೆ ಹರವಿ ನೋಡಿ ಒಂದು ಮಾತಿಗೆ ಹಿಡಿದ್ರು. ಐಇಸಿಯೊಳಗ ವಿಳಾಸ "ಗದಗ-ಬೆಟಗೇರಿ" ಐತಿ, ನಾನು ಇನ್‌ವಾಯ್ಸ್ ಮ್ಯಾಲೆ ಬರೇ "ಬೆಟಗೇರಿ" ಅಂತ ಹಾಕಿದ್ದೆ, ಪ್ಯಾಕಿಂಗ್ ಲಿಸ್ಟಿನ್ಯಾಗ ಹಳೇ ಮನಿ ನಂಬರ್ ಇತ್ತು. ಮೂರೂ ಒಂದ ನಮೂನಿ ಇರಬೇಕಂತ, ಇಲ್ಲಂದ್ರ ಅರ್ಜಿನ ವಾಪಸ್ ಬರ್ತೈತಂತ. ತಿದ್ದಿಸಿದೆ. ಸೆಂಟ್ರಲ್ ಲೈಸೆನ್ಸಿಗೆ ಹಾಕೀನಿ. ದುಬೈನವ್ರು ಸಾದಾ ನಮೂನಿನ ಸಾಕು ಅಂದ್ರು, ಅರ್ಧ ಮುಂಗಡಕ್ಕೂ ಒಪ್ಪಿದ್ರು, ಕೇಳಾಕ ನನಗ ನಾಚಿಕಿ ಆಗಿತ್ತು, ಅವ್ರು ಒಂದ ಮಾತಿಗೆ ಹ್ಞೂ ಅಂದ್ರು.

ಮೆಂಬರ್ ಅರ್ಜಿ ತುಂಬಿ ಕೊಟ್ಟು ಬಂದೆ. ಬೆಂಗಳೂರಿನ ಅಂಗಡಿಗೆ ತಾರಿಹಾಳದ ಅಣ್ಣಾರು ಹೇಳಿದಂಗ ಬಿಲ್ ನಂಬರ್, ತಾರೀಖು, ಕಾಯ್ದೆ ಹೆಸರು ಹಾಕಿ ರಜಿಸ್ಟರ್ ಪೋಸ್ಟ್ ಮಾಡಿದೆ, ನಿನ್ನಿ ಅವ್ರ ಮ್ಯಾನೇಜರ್ ತಾವ ಫೋನ್ ಹಚ್ಚಿದ್ರು, ಸೋಮವಾರ ಅರ್ಧ ಹಾಕ್ತೀವಿ ಅಂದಾರ.

ಬ್ಯಾಡಗಿ ಅಣ್ಣಾರಿಗೆ ಒಂದು ಕೇಳೂದಿತ್ರಿ. ಒಂದು ಬಾಕ್ಸಿನ್ಯಾಗ ಆರು ಪ್ಯಾಕೆಟ್, 120 ರೊಟ್ಟಿ ಹಿಡೀತಾವು. ಟ್ರಯಲ್ ಅಂತ ಒಂದು ಬಾಕ್ಸ್ ಹುಬ್ಬಳ್ಳಿ ಬಸ್ಸಿಗೆ ಹಾಕಿ ಹೋಗಿ ಬರೂದು ಮಾಡಿಸಿ ಬಿಚ್ಚಿ ನೋಡಿದೆ, 17 ಮುರದಿದ್ವು, ಅವೆಲ್ಲಾ ಮೂಲಿ ಕಡೆ ಇದ್ದಾವ. ಮೂಲಿಗೆ ರಟ್ಟು ಮಡಚಿ ಇಟ್ರ ತಡೀತೈತೋ, ಇಲ್ಲಾ ಬಾಕ್ಸ್ ಅಳತಿನ ಬದಲಿ ಮಾಡಿಸಬೇಕೋ? ನೀವು ಮೆಣಸಿನಕಾಯಿ ಕಳಸೂ ಮುಂದ ಬಾಕ್ಸ್ ಎಲ್ಲೆ ಮಾಡಿಸ್ತೀರಿ, ಹೇಳಿದ್ರ ಉಪಕಾರ ಆಗ್ತೈತಿ.