‘10ನೇ ಬಿ, 1996 ಬ್ಯಾಚ್’ ಗುಂಪಿನಲ್ಲಿ ಜಾವೆಲಿನ್ ಜಗಳ

ಭಾನುವಾರ, ಬೆಳಿಗ್ಗೆ 7.40

ರವಿ: ಎಲ್ಲರೂ ಈ ವಿಡಿಯೊ ನೋಡಿ. ಕೀನ್ಯಾದ ಜೂಲಿಯಸ್ ಯೆಗೊ. ಯೂಟ್ಯೂಬ್‌ನಲ್ಲಿ ಜೆಕ್ ದೇಶದ ಜಾವೆಲಿನ್ ದಿಗ್ಗಜ ಝೆಲೆಜ್ನಿ ಎಸೆಯುವುದನ್ನು ನೋಡಿ ನೋಡಿ ಜಾವೆಲಿನ್ ಕಲಿತ. 2015ರಲ್ಲಿ ಬೀಜಿಂಗ್‌ನಲ್ಲಿ 92.72 ಮೀಟರ್ ಎಸೆದು ವಿಶ್ವ ಚಾಂಪಿಯನ್ ಆದ. ಕುತೂಹಲ ಇದ್ದರೆ ಸಾಕು, ಕೋಚ್ ಯಾಕೆ? ಮಂಜಾ, ನಿನ್ನ ಕೆಲಸಕ್ಕೆ ಕುತ್ತು ಕಣೋ.

ಲತಾ: ಶುಭೋದಯ 🌹

ಪಿಟಿ ಮಂಜು: ಪೂರ್ತಿ ನೋಡಿದೆಯಾ, ಸುಮ್ನೆ ಫಾರ್ವರ್ಡ್ ಮಾಡಿದೆಯಾ? ಯೆಗೊ ಆಮೇಲೆ ಫಿನ್‌ಲೆಂಡ್‌ಗೆ ಹೋಗಿ ಕುವೊರ್ತಾನೆಯಲ್ಲಿ ಕೋಚ್ ಹತ್ತಿರ ಕಲಿತ. ಅದು ನಿನ್ನ ವಿಡಿಯೊದಲ್ಲಿ ಇಲ್ಲ ಅಲ್ವಾ?

ರವಿ: ಅದು ಆಮೇಲಿನ ಮಾತು. 2011ರಲ್ಲಿ ಮಪುಟೊದಲ್ಲಿ ಆಲ್ ಆಫ್ರಿಕಾ ಗೇಮ್ಸ್ ಚಿನ್ನ ಗೆದ್ದದ್ದು ಅದಕ್ಕೂ ಮೊದಲೇ.

ಪಿಟಿ ಮಂಜು: ಸರಿಯಪ್ಪ. ಆಫ್ರಿಕಾ ಗೆಲ್ಲುವುದಕ್ಕೆ ಯೂಟ್ಯೂಬ್ ಸಾಕಾಯಿತು. ಪ್ರಪಂಚ ಗೆಲ್ಲುವುದಕ್ಕೆ ಸಾಲಲಿಲ್ಲ.

ಸುಮಾ: ನಾನೊಂದು ಹೇಳಲಾ? ಮಗಳು ಕ್ರಿಕೆಟ್ ಕೋಚಿಂಗ್‌ಗೆ ಹೋಗುತ್ತಾಳೆ. ಎಲ್ಲಿ ಅಂತ ಕೇಳಬೇಡಿ. ಹೋದ ತಿಂಗಳು ಕೇಳಿದಳು, ‘ಸರ್, ಡ್ರೈವ್ ಹೊಡೆಯುವಾಗ ಎಡ ಮೊಣಕೈ ಮೇಲೆ ಯಾಕೆ ಇರಬೇಕು?’ ‘ಮೊದಲು ಎರಡು ರೌಂಡ್ ಓಡಿ ಬಾ, ಆಮೇಲೆ ಹೇಳ್ತೀನಿ’ ಅಂದರಂತೆ. ಓಡಿ ಬಂದಳು. ಅವರು ಹೇಳಲಿಲ್ಲ. ಈಗ ಅವಳು ಏನೂ ಕೇಳುವುದಿಲ್ಲ. ಫೀಸ್ ಮಾತ್ರ ಅವರು ತಪ್ಪದೆ ಕೇಳುತ್ತಾರೆ.

ನಾಗರಾಜ: ತಲೆಹರಟೆ ಮಾಡಿದರೆ ಓಡಿಸದೆ ಮುದ್ದು ಮಾಡುತ್ತಾರಾ? ನಮ್ಮ ಕಾಲದಲ್ಲಿ ವಿಸಿಲ್ ಊದಿದರೆ ಓಡಬೇಕು, ಅಷ್ಟೆ.

ಸುಮಾ: ಅಷ್ಟು ಓಡಿ ನೀನೇನಾದೆ ನಾಗಾ?

ನಾಗರಾಜ: ಇನ್ಶೂರೆನ್ಸ್ ಏಜೆಂಟ್. ಇವತ್ತಿಗೂ ಓಡುತ್ತಲೇ ಇದ್ದೇನೆ.

ಪಿಟಿ ಮಂಜು: ಸುಮಾ, ಅದಕ್ಕೆ ಉತ್ತರ ಒಂದೇ ಸಾಲು. ಮೊಣಕೈ ಮೇಲಿದ್ದರೆ ಬ್ಯಾಟ್ ನೇರವಾಗಿ ಬರುತ್ತದೆ, ಕೆಳಗಿನ ಕೈ ಅದನ್ನು ಅಡ್ಡ ಎಳೆಯುವುದಿಲ್ಲ. ಒಂದು ಕೈಯಲ್ಲಿ ಆಡಿಸಿ ನೋಡಲಿ, ತಿಳಿಯುತ್ತದೆ. ಆದರೆ ಆ ಕೋಚ್ ಪರ ಒಂದು ಮಾತು. ನನ್ನ ಹತ್ತಿರ ಒಂದು ಪಿರಿಯಡ್‌ಗೆ 62 ಮಕ್ಕಳು, ಎರಡು ಬಾಲು. ಎಲ್ಲರೂ ‘ಯಾಕೆ’ ಅಂದರೆ ಬೆಲ್ ಹೊಡೆಯುತ್ತದೆ. ಅದೂ ಗಣಿತದವರು ನನ್ನ ಪಿರಿಯಡ್ ಕಿತ್ತುಕೊಳ್ಳದಿದ್ದರೆ.

ರವಿ: ಫಾಸ್ಬರಿ ಗೊತ್ತಲ್ವಾ? 1968, ಮೆಕ್ಸಿಕೊ ಒಲಿಂಪಿಕ್ಸ್. ಉಳಿದವರೆಲ್ಲ ಹೊಟ್ಟೆ ಕೆಳಗೆ ಮಾಡಿ ಹೈಜಂಪ್ ಹಾರುತ್ತಿದ್ದರೆ ಅವನು ಬೆನ್ನು ಕೆಳಗೆ ಮಾಡಿ 2.24 ಮೀಟರ್ ಹಾರಿ ಚಿನ್ನ ಗೆದ್ದ. ಹೇಳಿದಷ್ಟು ಮಾಡಿಕೊಂಡು ಕೂತಿದ್ದರೆ?

ಪಿಟಿ ಮಂಜು: ಅವನು ಬಿದ್ದದ್ದು ಎಲ್ಲಿ ಹೇಳು? ಫೋಮ್ ಮೇಲೆ. ನಮ್ಮ ಶಾಲೆಯಲ್ಲಿರುವುದು ಮರಳಿನ ಗುಂಡಿ. ಅದರ ಅರ್ಧ ಮರಳು ಬಿಸಿಯೂಟದ ಕೋಣೆಯ ರಿಪೇರಿಗೆ ಹೋಯಿತು. ಹೋದ ವರ್ಷ ಒಬ್ಬ ಹುಡುಗ ಮೊಬೈಲ್ ನೋಡಿಕೊಂಡು ಬಂದು ಹಾಗೇ ಹಾರಲು ಹೊರಟ. ಕಾಲರ್ ಹಿಡಿದು ಎಳೆದೆ. ಕತ್ತು ಮುರಿದರೆ ಜೋಡಿಸುವುದಕ್ಕೆ ಕುತೂಹಲ ಬರುತ್ತದಾ?

ಸುಮಾ: ಎಳೆದದ್ದು ಸರಿ. ಯಾಕೆ ಅಂತ ಅವನಿಗೆ ಹೇಳಿದೆಯಾ?

ಲತಾ: ಯಾರ ಹತ್ತಿರ ಆದರೂ ಟೂರ್ ಫೋಟೊ ಇದೆಯಾ, ಜೋಗದ್ದು?

ಪಿಟಿ ಮಂಜು: ಬೈದೆ. ಹೇಳಲಿಲ್ಲ.

ಪಿಟಿ ಮಂಜು: ಇರಿ, ಇದೊಂದು ನನಗೇ ತಿರುಗುಬಾಣ ಆದರೂ ಹೇಳಿಬಿಡುತ್ತೇನೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಗುಂಡು ಎಸೆಯುತ್ತಾಳೆ, 3 ಕೆಜಿದು. ನಾನು ‘ಇನ್ನೂ ಮೇಲಕ್ಕೆ, 45 ಡಿಗ್ರಿ’ ಅಂತ ಕೂಗುತ್ತಿದ್ದೆ. ನನಗೂ ಹಾಗೇ ಹೇಳಿಕೊಟ್ಟಿದ್ದರು. ಒಂದು ದಿನ ಕೇಳಿದಳು, ‘ಸರ್, 45 ಸರಿ ಹೋಗೋದು ನೆಲದಿಂದ ಎಸೆದರೆ ಅಲ್ವಾ? ನಾನು ಕುತ್ತಿಗೆ ಹತ್ತಿರದಿಂದ ಎಸೀತೀನಲ್ಲ?’ ಸುಳ್ಳು ಯಾಕೆ ಹೇಳಲಿ, ಸಿಟ್ಟು ಬಂತು. ಇವಳನ್ನೂ ಎರಡು ರೌಂಡ್ ಓಡಿಸೋಣ ಅನ್ನಿಸಿತು. ಉತ್ತರ ಗೊತ್ತಿರಲಿಲ್ಲ, ಅದಕ್ಕೆ.

ವಾಲಿಬಾಲ್ ಕಂಬಗಳಿಗೆ ಬಾವಿ ಹಗ್ಗ ಕಟ್ಟಿದೆವು. ಗುಂಡು ಹಗ್ಗವನ್ನು ಸವರಿಕೊಂಡು ಹೋಗಬೇಕು. ಮೊದಲು ಎತ್ತರಕ್ಕೆ ಕಟ್ಟಿ, ಆಮೇಲೆ ಒಂದೊಂದೇ ಗೇಣು ಇಳಿಸುತ್ತಾ ಬಂದೆವು. ಪ್ರತಿ ಎತ್ತರಕ್ಕೂ ಐದು ಎಸೆತ, ಬಿದ್ದ ಕಡೆ ಸುಣ್ಣದ ಗುರುತು. ಹಗ್ಗ ಇಳಿದಂತೆ ಗುರುತು ಮುಂದಕ್ಕೆ ಹೋಯಿತು. ಇನ್ನೂ ಇಳಿಸಿದಾಗ ಮತ್ತೆ ಹಿಂದಕ್ಕೆ ಬಂತು.

ರವಿ: ಯಾಕೆ?

ಪಿಟಿ ಮಂಜು: ಗುಂಡು ಕೈ ಬಿಡುವುದು ತಲೆಯ ಮಟ್ಟದಲ್ಲಿ. ಅದಕ್ಕೇ 45ಕ್ಕಿಂತ ಕಮ್ಮಿ ಸಾಕು. ಅದು ಸಣ್ಣ ಕಾರಣ. ದೊಡ್ಡದು ನಮ್ಮ ಮೈ. ಮುಂದಕ್ಕೆ ತಳ್ಳಿದಷ್ಟು ಜೋರಾಗಿ ಮೇಲಕ್ಕೆ ತಳ್ಳುವುದಕ್ಕೆ ಆಗುವುದಿಲ್ಲ. ಮೇಲೆ ಮೇಲೆ ಅಂದಷ್ಟೂ ವೇಗ ಕಮ್ಮಿ. ದೊಡ್ಡ ಎಸೆತಗಾರರೂ ಸಾಮಾನ್ಯವಾಗಿ 40ರ ಒಳಗೇ ಬಿಡುತ್ತಾರೆ. ಇದೆಲ್ಲ ಹಗ್ಗ ಬಿಚ್ಚಿದ ಮೇಲೆ ರಾತ್ರಿ ಕೂತು ಓದಿದ್ದು. 18 ವರ್ಷ 45 ಅಂತ ಕೂಗಿದ್ದೇನೆ. ಎಷ್ಟು ಮಕ್ಕಳ ಗುಂಡು ಹತ್ತಿರ ಬಿತ್ತೋ.

ನಾಗರಾಜ: ಸರಿ, ಪ್ರಶ್ನೆ ಕೇಳಿದ್ದಕ್ಕೆ ತಾಲ್ಲೂಕಿನಲ್ಲಿ ಫಸ್ಟ್ ಬಂದಳಾ?

ಪಿಟಿ ಮಂಜು: ಇಲ್ಲ, ಮೂರನೇದು. ಗೆದ್ದವಳು ಇವಳಿಗಿಂತ ಗಟ್ಟಿಮುಟ್ಟು.

ನಾಗರಾಜ: ನೋಡಿದಿರಾ.

ರವಿ: ಅಂದರೆ ನಾನು ಹೇಳಿದ್ದೇ ಸರಿ ಆಯಿತು.

ಪಿಟಿ ಮಂಜು: ಹೇಗೆ? ನೀನು ಕೋಚೇ ಬೇಡ ಅಂದೆ. ಬಿಸಿಲಲ್ಲಿ ಸ್ಟೂಲ್ ಹತ್ತಿ ಹಗ್ಗ ಕಟ್ಟಿದ್ದು ಯೂಟ್ಯೂಬಾ?

ಸುಮಾ: ಮಗಳು ಪಕ್ಕದಲ್ಲೇ ಕೂತು ಇದನ್ನೆಲ್ಲ ಓದುತ್ತಿದ್ದಾಳೆ. ಹಗ್ಗ ಎಷ್ಟು ದೂರದಲ್ಲಿ ಕಟ್ಟಿದ್ದಿರಿ, ಕೊನೆಗೆ ಎಷ್ಟು ಎತ್ತರ ಸರಿಹೋಯಿತು ಅಂತ ಕೇಳುತ್ತಿದ್ದಾಳೆ.

ಪಿಟಿ ಮಂಜು: ನಾನು ಬರೆದುಕೊಳ್ಳಲಿಲ್ಲ. ಆ ಹುಡುಗಿಯ ನೋಟ್‌ಬುಕ್‌ನಲ್ಲಿದೆ. ನಾಳೆ ಕೇಳಿ ಹೇಳುತ್ತೇನೆ.