ಸಹಾಯ ಬೇಕು: ವೆಸ್ಟ್‌ಚೆಸ್ಟರ್ ವಿಲೇಜ್‌ನಲ್ಲಿ ಮನೆ ತೆರಿಗೆ ತಕರಾರು

ನ್ಯೂಯಾರ್ಕ್‌ನ ವೆಸ್ಟ್‌ಚೆಸ್ಟರ್ ಕಡೆಯ ಕನ್ನಡಿಗರೇ, ನಮಸ್ಕಾರ. ವಿಲೇಜ್‌ನವರು (ಇಲ್ಲಿನ ಸ್ಥಳೀಯ ಆಡಳಿತ) ತೆರಿಗೆಗಾಗಿ ನಮ್ಮ ಮನೆಗೆ ಮಾರುಕಟ್ಟೆ ಬೆಲೆಗಿಂತ ಜಾಸ್ತಿ ಮೌಲ್ಯ ಕಟ್ಟಿದ್ದಾರೆ. ಅದರ ವಿರುದ್ಧ ದೂರು ಕೊಡುವ ಆರ್‌ಪಿ-524 ಫಾರಂ ತುಂಬುತ್ತಿದ್ದೇವೆ. ಗ್ರೀವನ್ಸ್ ದಿನದೊಳಗೆ (ದೂರು ಕೊಡಲು ಕೊನೆಯ ದಿನ) ಕೊಡದಿದ್ದರೆ, ಮುಂದೆ ಕೋರ್ಟಿನ ಮೂಲಕ ಮಾಡಿಸಬಹುದಾದ 30 ಡಾಲರ್ ಶುಲ್ಕದ ಸ್ಮಾಲ್ ಕ್ಲೇಮ್ಸ್ ಪರಿಶೀಲನೆಯೂ ಕೈತಪ್ಪುತ್ತದೆ.

"ತೆರಿಗೆ ಹೊರೆ" ಎಂದರೆ ದೂರು ವಿಚಾರಿಸುವ ಮಂಡಳಿ ಕೇಳುವುದಿಲ್ಲ, ಮೌಲ್ಯ ತಪ್ಪೆಂದು ತೋರಿಸಬೇಕು. ಅದಕ್ಕೆ ಮೌಲ್ಯಮಾಪನ ದಿನಾಂಕದ ಆಸುಪಾಸಿನಲ್ಲಿ ಮಾರಾಟವಾದ, ನಮ್ಮದಕ್ಕೆ ಹೋಲಿಸಬಹುದಾದ ಮೂರು ಮನೆ ಹುಡುಕಿದ್ದೇವೆ. ತೊಡಕು ಇಲ್ಲೇ: ಒಂದಕ್ಕೆ ಪೂರ್ತಿ ಕಟ್ಟಿದ ಬೇಸ್‌ಮೆಂಟ್ ಇದೆ, ಇನ್ನೊಂದು ಕಾಲು ಎಕರೆಯದು, ನಮ್ಮದು ಅರ್ಧ, ಮೂರನೆಯದು ರೈಲು ನಿಲ್ದಾಣಕ್ಕೆ ನಡೆದೇ ಹೋಗುವಷ್ಟು ಹತ್ತಿರ.

ಇಂಥ ವ್ಯತ್ಯಾಸಗಳಿಗೆ ಆ ಮನೆಗಳ ಮಾರಾಟ ಬೆಲೆಯಲ್ಲಿ ಎಷ್ಟೆಷ್ಟು ಕೂಡಿಸಿ ಕಳೆದಿರಿ? ಅಪ್ರೈಸರ್ (ಮನೆಯ ಬೆಲೆ ಕಟ್ಟುವ ತಜ್ಞ) ವರದಿ ಇಲ್ಲದೆಯೇ ಮಂಡಳಿ ಒಪ್ಪಿತೇ? ಒಳಗಿನ ಹಳೆಯ ಅಡುಗೆಮನೆ, ಸೋರುವ ಚಾವಣಿಯ ಫೋಟೋ ಜೊತೆಗೆ ರಿಪೇರಿ ಅಂದಾಜುಪಟ್ಟಿಯನ್ನೂ ಲಗತ್ತಿಸಿದರೆ ತೂಕ ಬರುತ್ತದೆಯೇ? ಇದನ್ನು ಮಾಡಿಸಿಕೊಂಡವರು ದಯವಿಟ್ಟು ವಿವರವಾಗಿ ತಿಳಿಸಿ.