ಭದ್ರತಾ ಕಾಯ್ದೆಯ ಬಂಧನ: ವಿಚಾರಣೆಯೇ ಇಲ್ಲದ ಕಡೆ ನ್ಯಾಯ ಕೇಳುವುದು ಹೇಗೆ? (ನಮ್ಮ ಗುಂಪಿನಲ್ಲಿ ವಕೀಲರೊಂದಿಗೆ ಪ್ರಶ್ನೋತ್ತರ)

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ತಮ್ಮನನ್ನು ಒಂದು ಗಲಾಟೆ ಪ್ರಕರಣದಲ್ಲಿ ಬಂಧಿಸಿದ್ದರು. ಜಾಮೀನು ಸಿಕ್ಕಿ ಹೊರಗೆ ಬರುತ್ತಿದ್ದಂತೆ ಜೈಲಿನ ಬಾಗಿಲಲ್ಲೇ ಮತ್ತೆ ಹಿಡಿದರು. ರಾಷ್ಟ್ರೀಯ ಭದ್ರತಾ ಕಾಯ್ದೆಯ ಆದೇಶ ಎಂದು ಒಂದು ಹಾಳೆ ತೋರಿಸಿ ಒಳಗೆ ಕಳುಹಿಸಿದ್ದಾರೆ. ಮುಂದಿನ ವಿಚಾರಣೆ ಯಾವ ಕೋರ್ಟಿನಲ್ಲಿ, ಯಾವ ದಿನ ಎಂದು ಕೇಳಿದರೆ ಯಾರೂ ಹೇಳುತ್ತಿಲ್ಲ. ಮತ್ತೆ ಜಾಮೀನು ಅರ್ಜಿ ಹಾಕಬೇಕೇ?

ಉತ್ತರ: ಅಮ್ಮ, ಯಾರೂ ಹೇಳದಿರುವುದಕ್ಕೆ ಕಾರಣವಿದೆ. ಈ ಆದೇಶಕ್ಕೆ ಯಾವ ಕೋರ್ಟಿನಲ್ಲೂ ವಿಚಾರಣೆ ಇಲ್ಲ, ಆರೋಪಪಟ್ಟಿ ಇಲ್ಲ, ಸಾಕ್ಷಿಗಳ ಪಾಟೀಸವಾಲು ಇಲ್ಲ, ಆದ್ದರಿಂದ ಜಾಮೀನೂ ಇಲ್ಲ. 1980ರ ಈ ಕಾಯ್ದೆ ಮಾಡಿದ ತಪ್ಪಿಗೆ ಶಿಕ್ಷೆ ಕೊಡುವುದಲ್ಲ. ಮುಂದೆ ಏನೋ ಮಾಡಬಹುದು ಎಂಬ ಅನುಮಾನದ ಮೇಲೆ ಮೊದಲೇ ಕೂಡಿಹಾಕುವುದು. ಗರಿಷ್ಠ ಅವಧಿ 12 ತಿಂಗಳು. ಆದೇಶಕ್ಕೆ ಸಹಿ ಹಾಕುವವರು ನ್ಯಾಯಾಧೀಶರಲ್ಲ. ಸರ್ಕಾರ, ಅಥವಾ ಸರ್ಕಾರ ಅಧಿಕಾರ ಕೊಟ್ಟಿರುವ ಜಿಲ್ಲಾ ದಂಡಾಧಿಕಾರಿ ಇಲ್ಲವೇ ಪೊಲೀಸ್ ಆಯುಕ್ತರು. ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಅವನಿಗೆ ತನ್ನಿಷ್ಟದ ವಕೀಲರ ನೆರವು ಪಡೆಯುವ ಹಕ್ಕಿದೆ ಎಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ಅದೇ ವಿಧಿ ಮುಂದಿನ ಸಾಲಿನಲ್ಲಿ, ಮುಂಜಾಗ್ರತಾ ಬಂಧನಕ್ಕೆ ಇವು ಅನ್ವಯಿಸುವುದಿಲ್ಲ ಎಂದೂ ಹೇಳಿಬಿಟ್ಟಿದೆ.

ಹಾಗೆಂದು ಕೈಕಟ್ಟಿ ಕೂರಬೇಡಿ. ವಿಚಾರಣೆ ಇಲ್ಲದಿರುವುದರಿಂದಲೇ ಇಲ್ಲಿ ಕಾಗದಪತ್ರ ಮತ್ತು ದಿನಾಂಕಗಳಿಗೆ ಎಲ್ಲಿಲ್ಲದ ಮಹತ್ವ ಬಂದಿದೆ. ಕಾಯ್ದೆ ವಿಧಿಸಿರುವ ಒಂದೊಂದು ಹೆಜ್ಜೆಯನ್ನೂ ಸರ್ಕಾರ ಚಾಚೂ ತಪ್ಪದೆ ಇಟ್ಟಿರಬೇಕು. ಒಂದು ತಪ್ಪಿದರೂ ಆದೇಶ ಬಿದ್ದುಹೋಗಬಹುದು. ಇಂತಹ ಬಹಳಷ್ಟು ಆದೇಶಗಳನ್ನು ಹೈಕೋರ್ಟುಗಳು ರದ್ದು ಮಾಡಿರುವುದು ಇಂತಹ ಲೋಪಗಳ ಮೇಲೆಯೇ.

ಈಗ ನಿಮ್ಮ ತಮ್ಮನ ವಿಷಯ. ಬಂಧನಕ್ಕೆ ಕಾರಣಗಳೇನು ಎಂಬುದನ್ನು ಸಾಮಾನ್ಯವಾಗಿ ಐದು ದಿನದೊಳಗೆ ಅವನಿಗೆ ತಿಳಿಸಬೇಕು. ಅದಕ್ಕಿಂತ ತಡವಾದರೆ ಏಕೆ ತಡವಾಯಿತೆಂದು ಬರೆದಿಟ್ಟಿರಬೇಕು. ಆ ಕಾರಣಗಳು ಅವನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎಂದು ಸುಪ್ರೀಂ ಕೋರ್ಟ್ 1962ರಲ್ಲೇ ಹರಿಕಿಶನ್ ಪ್ರಕರಣದಲ್ಲಿ ಹೇಳಿದೆ. ಅಲ್ಲಿ ಬಂಧಿತನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಕೊಟ್ಟ ಕಾಗದ ಇಂಗ್ಲಿಷಿನಲ್ಲಿತ್ತು. ಪೊಲೀಸರು ಬಾಯಲ್ಲಿ ಅನುವಾದ ಮಾಡಿ ಹೇಳಿದ್ದು ಸಾಲದು ಎಂದಿತು ನ್ಯಾಯಾಲಯ. ನಿಮ್ಮ ತಮ್ಮ ಓದುವುದು ಕನ್ನಡ ಮಾತ್ರವಾಗಿದ್ದು, ಅವನ ಕೈಗೆ ಇಂಗ್ಲಿಷ್ ಕಡತ ಕೊಟ್ಟಿದ್ದರೆ ಆ ಅಂಶವನ್ನು ಇಂದೇ ಬರೆದಿಟ್ಟುಕೊಳ್ಳಿ. ಜೈಲಿನಲ್ಲಿ ಅವನನ್ನು ಭೇಟಿಯಾದಾಗ ಯಾವ ದಿನ ಯಾವ ಕಾಗದ ಕೊಟ್ಟರು, ಎಷ್ಟು ಪುಟ, ಯಾವ ಪುಟ ಓದಲಾಗದಷ್ಟು ಮಸುಕಾಗಿತ್ತು ಎಂದು ಕೇಳಿ ಗುರುತು ಹಾಕಿಕೊಳ್ಳಿ.

ಇನ್ನೊಂದು ಮುಖ್ಯ ಮಾತು. ಜಾಮೀನು ಸಿಕ್ಕ ಬೆನ್ನಲ್ಲೇ ಈ ಆದೇಶ ಹೊರಟಿದೆ ಎಂದಿರಿ. ಜಾಮೀನು ಕೊಟ್ಟದ್ದು ಸರಿಯಲ್ಲ ಎನಿಸಿದರೆ ಸರ್ಕಾರ ಮೇಲಿನ ನ್ಯಾಯಾಲಯಕ್ಕೆ ಹೋಗಬೇಕು. ಷರತ್ತು ಮುರಿದಿದ್ದರೆ ಜಾಮೀನು ರದ್ದು ಕೋರಬೇಕು. ಆ ದಾರಿ ಬಿಟ್ಟು ಮುಂಜಾಗ್ರತಾ ಬಂಧನದ ಅಡ್ಡದಾರಿ ಹಿಡಿಯುವುದನ್ನು ಸುಪ್ರೀಂ ಕೋರ್ಟ್ ಒಪ್ಪಿಲ್ಲ. ಸಾಮಾನ್ಯ ಕಾನೂನಿನಿಂದ ನಿಭಾಯಿಸಬಹುದಾದಲ್ಲಿ ಇಂತಹ ಬಂಧನ ಅಕ್ರಮ ಎಂದು 2011ರ ರೇಖಾ ಪ್ರಕರಣ ಹೇಳುತ್ತದೆ. ಅದು ತಮಿಳುನಾಡಿನದು, ಬೇರೊಂದು ಕಾಯ್ದೆಯದು, ಆದರೆ ತತ್ವ ಒಂದೇ. 2025ರಲ್ಲಿ ಕೇರಳದ ಪ್ರಕರಣವೊಂದರಲ್ಲೂ ನ್ಯಾಯಾಲಯ ಇದೇ ಧಾಟಿಯಲ್ಲಿ ಆದೇಶವನ್ನು ತಳ್ಳಿಹಾಕಿತು. ಹಾಗಾಗಿ ಜಾಮೀನು ಆದೇಶದ ದೃಢೀಕೃತ ಪ್ರತಿಯನ್ನು ಮೊದಲು ಪಡೆಯಿರಿ.

ಪ್ರಶ್ನೆ (ಅದೇ ಸದಸ್ಯೆ): ಅವನು ಒಂದು ಮನವಿ ಬರೆದುಕೊಡಬಹುದು ಎಂದು ಜೈಲಿನವರು ಹೇಳಿದರಂತೆ. ಅದರಿಂದ ಪ್ರಯೋಜನವಿದೆಯೇ? ಸುಮ್ಮನೆ ಔಪಚಾರಿಕವೇ?

ಉತ್ತರ: ಖಂಡಿತ ಬರೆಯಲಿ, ನಾಳೆಗೆ ದೂಡದೆ ಬರೆಯಲಿ. 22ನೇ ವಿಧಿಯ 5ನೇ ಖಂಡ ಅವನಿಗೆ ಕೊಟ್ಟಿರುವ ಹಕ್ಕು ಇದು. ವಿಚಾರಣೆಯಲ್ಲಿ ಆರೋಪಿ ಮಾಡುವ ಪ್ರತಿವಾದಕ್ಕೆ ಇಲ್ಲಿ ಉಳಿದಿರುವ ಜಾಗ ಹೆಚ್ಚುಕಡಿಮೆ ಈ ಮನವಿ ಒಂದೇ. ಆದೇಶ ಮಾಡಿದ ಅಧಿಕಾರಿಗೆ, ರಾಜ್ಯ ಸರ್ಕಾರಕ್ಕೆ, ಕೇಂದ್ರ ಸರ್ಕಾರಕ್ಕೆ, ಬಂಧನಕ್ಕೆ ಸಾಕಷ್ಟು ಕಾರಣವಿದೆಯೇ ಎಂದು ಪರಿಶೀಲಿಸುವ ಸಲಹಾ ಮಂಡಳಿಗೆ ಬೇರೆ ಬೇರೆ ಪ್ರತಿ ಹೋಗಲಿ. ಜೈಲು ಅಧೀಕ್ಷಕರಿಂದ ದಿನಾಂಕ ಸಹಿತ ಸ್ವೀಕೃತಿ ಪಡೆಯಿರಿ. ಮನವಿಯನ್ನು ಕಾರಣವಿಲ್ಲದೆ ಮೇಜಿನ ಮೇಲೆ ಇಟ್ಟುಕೊಂಡಿದ್ದರೆ ಆ ವಿಳಂಬವೇ ಬಿಡುಗಡೆಗೆ ಆಧಾರವಾಗುತ್ತದೆ. ಸ್ವೀಕೃತಿ ಇಲ್ಲದಿದ್ದರೆ ವಿಳಂಬವನ್ನು ಸಾಬೀತು ಮಾಡುವುದು ಕಷ್ಟ.

ಜಿಲ್ಲಾ ದಂಡಾಧಿಕಾರಿ ಮಾಡಿದ ಆದೇಶವಾಗಿದ್ದರೆ ರಾಜ್ಯ ಸರ್ಕಾರ ಸಾಮಾನ್ಯವಾಗಿ 12 ದಿನದೊಳಗೆ ಅನುಮೋದಿಸಬೇಕು, ಇಲ್ಲದಿದ್ದರೆ ಅದು ಅಲ್ಲಿಗೆ ಮುಗಿಯಿತು. ಮೂರು ವಾರದೊಳಗೆ ಪ್ರಕರಣ ಸಲಹಾ ಮಂಡಳಿಯ ಮುಂದೆ ಹೋಗಬೇಕು. ಬಂಧಿಸಿದ ದಿನದಿಂದ ಏಳು ವಾರದೊಳಗೆ ಮಂಡಳಿ ವರದಿ ಕೊಡಬೇಕು. ಬಂಧನಕ್ಕೆ ಸಾಕಷ್ಟು ಕಾರಣವಿಲ್ಲ ಎಂದು ಮಂಡಳಿ ಹೇಳಿದರೆ ಸರ್ಕಾರ ಬಿಡಲೇಬೇಕು.

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿ. ಸಲಹಾ ಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿಲ್ಲ ಎಂದು ಓದಿದೆ. ಇದು ನ್ಯಾಯವೇ ಮೇಡಂ?

ಉತ್ತರ: ನ್ಯಾಯವಲ್ಲ. ಸೆಕ್ಷನ್ 11ರಲ್ಲಿ ಹಾಗೆಂದು ಸ್ಪಷ್ಟವಾಗಿ ಬರೆದಿದೆ, 1981ರಲ್ಲಿ ಎ.ಕೆ. ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದೂ ಇದೆ. ಆದರೂ ನನ್ನ ಮನಸ್ಸು ಒಪ್ಪುವುದಿಲ್ಲ. ಒಂದು ಸಣ್ಣ ಕಳ್ಳತನದ ಆರೋಪಿಗೂ ವಕೀಲರಿದ್ದಾರೆ. ಒಂದು ವರ್ಷದ ಸ್ವಾತಂತ್ರ್ಯ ಕಳೆದುಕೊಳ್ಳುವವನು, ಶಾಲೆಯ ಮೆಟ್ಟಿಲು ಹತ್ತದವನೇ ಆಗಿರಲಿ, ಮಂಡಳಿಯ ಎದುರು ಒಂಟಿಯಾಗಿ ನಿಲ್ಲಬೇಕು.

ಅದೇ ತೀರ್ಪು ತೆರೆದಿಟ್ಟ ಕಿಂಡಿಗಳನ್ನು ಬಹಳ ಜನ ಬಳಸುವುದಿಲ್ಲ, ಅದಕ್ಕಾಗಿ ಹೇಳುತ್ತೇನೆ. ಸರ್ಕಾರ ತನ್ನ ಪರವಾಗಿ ವಕೀಲರನ್ನೋ ಕಾನೂನು ಸಲಹೆಗಾರರನ್ನೋ ಮಂಡಳಿಯ ಮುಂದೆ ನಿಲ್ಲಿಸಿದರೆ ಬಂಧಿತನಿಗೂ ವಕೀಲರನ್ನು ಬಿಡಬೇಕು. ಪೊಲೀಸ್ ಅಧಿಕಾರಿಗಳು ಬಂದು ವಾದ ಮುಂದಿಟ್ಟರೂ ಇದೇ ನಿಯಮ ಅನ್ವಯವಾಗುತ್ತದೆ ಎಂದು ತೀರ್ಪಿನಲ್ಲಿದೆ. ವಕೀಲರಲ್ಲದ ಸ್ನೇಹಿತನೊಬ್ಬನ ನೆರವನ್ನು ಬಂಧಿತ ಕೇಳಬಹುದು. ತನ್ನ ಪರವಾದ ಸಾಕ್ಷಿಗಳನ್ನು, ದಾಖಲೆಗಳನ್ನು ತಂದು ಆರೋಪ ಸುಳ್ಳೆಂದು ತೋರಿಸಬಹುದು, ಆದರೆ ಸಾಕ್ಷಿಗಳು ಆ ದಿನ ಅಲ್ಲಿ ಸಿದ್ಧರಿರಬೇಕು. ಇವನ್ನೆಲ್ಲ ಬಾಯಲ್ಲಿ ಕೇಳಿದರೆ ಸಾಲದು, ಮುಂಚಿತವಾಗಿ ಲಿಖಿತವಾಗಿ ಕೇಳಬೇಕು.

ನೀವು ವಿದ್ಯಾರ್ಥಿಯಾದ್ದರಿಂದ ಇನ್ನೊಂದು ಸಂಗತಿ. ತುರ್ತು ಪರಿಸ್ಥಿತಿಯ ಕಹಿ ಉಂಡ ಮೇಲೆ ಸಂಸತ್ತು 1978ರಲ್ಲಿ 44ನೇ ತಿದ್ದುಪಡಿ ಮಾಡಿತು. ಸಲಹಾ ಮಂಡಳಿಯ ಅಭಿಪ್ರಾಯವಿಲ್ಲದೆ ಬಂಧಿಸಿಡುವ ಅವಧಿಯನ್ನು ಮೂರು ತಿಂಗಳಿನಿಂದ ಎರಡಕ್ಕೆ ಇಳಿಸುವುದು, ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯ ಶಿಫಾರಸಿನಂತೆ ಮಂಡಳಿ ರಚಿಸುವುದು ಅದರಲ್ಲಿದ್ದವು. ಆ ಭಾಗವನ್ನು ಜಾರಿಗೆ ತರುವ ಅಧಿಸೂಚನೆ ಹೊರಡಲೇ ಇಲ್ಲ. ಸಂಸತ್ತು ಅಂಗೀಕರಿಸಿದ ರಕ್ಷಣೆಯೊಂದು ದಶಕಗಳಿಂದ ಕಾಗದದಲ್ಲೇ ಮಲಗಿದೆ. ಯಾವ ಪಕ್ಷದ ಸರ್ಕಾರ ಬಂದರೂ ಇದನ್ನು ಎಬ್ಬಿಸಲಿಲ್ಲ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಪ್ರಶ್ನೆ: ಕ್ಷಮಿಸಿ, ಸ್ವಲ್ಪ ನೇರವಾಗಿ ಕೇಳುತ್ತೇನೆ. ದೇಶದ ಭದ್ರತೆಗೆ ಅಪಾಯ ತರುವವರಿಗೆ ಇಷ್ಟೆಲ್ಲ ಹಕ್ಕು ಏಕೆ? ಬಾಂಬ್ ಸಿಡಿದ ಮೇಲೆ ವಿಚಾರಣೆ ಮಾಡಿ ಏನು ಫಲ?

ಉತ್ತರ: ನಿಮ್ಮ ಆತಂಕ ಸುಳ್ಳಲ್ಲ. ಬಾಂಬ್ ಸಿಡಿಯುವ ಮೊದಲೇ ತಡೆಯುವುದು ಸರ್ಕಾರದ ಕರ್ತವ್ಯ. ಆದರೆ ಸಂಚು ರೂಪಿಸುವುದು, ಸ್ಫೋಟಕ ಇಟ್ಟುಕೊಳ್ಳುವುದು ಇವೇ ಅಪರಾಧಗಳು. ಅವುಗಳಿಗೆ ಎಫ್‌ಐಆರ್ ಹಾಕಿ, ಬಂಧಿಸಿ, ನ್ಯಾಯಾಲಯದಲ್ಲಿ ಶಿಕ್ಷೆ ಕೊಡಿಸಲು ಕಾನೂನುಗಳಿವೆ. ‘ಅಪಾಯ ತರುವವರು’ ಎಂದಿರಿ. ಹಾಗೆಂದು ತೀರ್ಮಾನಿಸಿದವರು ಯಾರು? ಒಬ್ಬ ಅಧಿಕಾರಿ, ಪೊಲೀಸರು ಕಳುಹಿಸಿದ ಒಂದು ಕಡತ ನೋಡಿ. ಆ ಕಡತ ತಪ್ಪಾಗಿದ್ದರೆ ತಿಳಿಯುವ ಬಗೆ ಹೇಗೆ, ಎದುರಿನವನ ಮಾತು ಕೇಳದಿದ್ದರೆ?

ಬೆಂಗಳೂರಿನ ಕೇಂದ್ರ ಕಾರಾಗೃಹವನ್ನೇ ನೆನೆಯಿರಿ. 1975ರ ಜೂನಿನಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಬೆಂಗಳೂರಿನಲ್ಲೇ ಬಂಧಿಸಿ ಅಲ್ಲಿ ಇಟ್ಟಿದ್ದರು. ಅವರೆಲ್ಲ ಆಗ ದೇಶಕ್ಕೆ ಅಪಾಯಕಾರಿಗಳು, ಮುಂಜಾಗ್ರತಾ ಬಂಧನಕ್ಕೆ ಆಗ ಬಳಸುತ್ತಿದ್ದ ಮೀಸಾ ಕಾಯ್ದೆಯ ಲೆಕ್ಕದಲ್ಲಿ. ನಟಿ ಸ್ನೇಹಲತಾ ರೆಡ್ಡಿ ಅದೇ ಜೈಲಿನಲ್ಲಿ ಆಸ್ತಮಾದಿಂದ ನರಳಿ, 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ಮೇಲಿನ ಯಾವ ಆರೋಪವೂ ನ್ಯಾಯಾಲಯದಲ್ಲಿ ಸಾಬೀತಾಗಿರಲಿಲ್ಲ. ಬಂಧಿತರ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು, ಅಂದರೆ ಬಂಧನ ಅಕ್ರಮ, ಬಿಡಿಸಿ ಎಂದು ಕೋರುವ ಅರ್ಜಿಗಳನ್ನು, ಕೇಳಬಹುದು ಎಂದು ಕರ್ನಾಟಕವೂ ಸೇರಿದಂತೆ ಹಲವು ಹೈಕೋರ್ಟುಗಳು ಹೇಳಿದವು. 1976ರಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ಆ ಬಾಗಿಲನ್ನೂ ಮುಚ್ಚಿದರು. ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು, ಮುಂದೆ ಮುಖ್ಯ ನ್ಯಾಯಮೂರ್ತಿ ಸ್ಥಾನ ಅವರ ಕೈತಪ್ಪಿತು. ಆ ತೀರ್ಪನ್ನು ಸುಪ್ರೀಂ ಕೋರ್ಟ್ ಔಪಚಾರಿಕವಾಗಿ ತಳ್ಳಿಹಾಕಿದ್ದು 2017ರಲ್ಲಿ, ಪುಟ್ಟಸ್ವಾಮಿ ಪ್ರಕರಣದಲ್ಲಿ. ಅಂದರೆ ಇಂದು ನಿಮಗೆ ಇಷ್ಟವಾದ ಸರ್ಕಾರದ ಕೈಯಲ್ಲಿರುವ ಅಧಿಕಾರ ನಾಳೆ ಇನ್ನೊಬ್ಬರ ಕೈಗೆ ಹೋಗುತ್ತದೆ.

ಪ್ರಶ್ನೆ: ಯುಎಪಿಎ (ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ) ಕೂಡ ಇದೇ ರೀತಿಯದ್ದೇ? ಎರಡನ್ನೂ ಒಂದೇ ಎಂದುಕೊಂಡಿದ್ದೆ.

ಉತ್ತರ: ಬೇರೆ ಬೇರೆ. ಯುಎಪಿಎಯಲ್ಲಿ ಅಪರಾಧದ ಆರೋಪವಿದೆ, ಆರೋಪಪಟ್ಟಿ ಇದೆ, ವಿಚಾರಣೆಯೂ ಇದೆ. ಕಷ್ಟವಿರುವುದು ವಿಚಾರಣೆ ಮುಗಿಯುವ ತನಕದ ಕಾಲದಲ್ಲಿ. ಆರೋಪಪಟ್ಟಿ ಸಲ್ಲಿಸಲು ಅನುಮತಿಯ ಮೇಲೆ 180 ದಿನ ತೆಗೆದುಕೊಳ್ಳಬಹುದು. ಆರೋಪ ಮೇಲ್ನೋಟಕ್ಕೆ ನಿಜ ಎಂದು ನಂಬಲು ಕಾರಣವಿದ್ದರೆ ಜಾಮೀನು ಕೊಡುವಂತಿಲ್ಲ ಎಂದು ಸೆಕ್ಷನ್ 43ಡಿ(5) ಹೇಳುತ್ತದೆ. 2019ರ ವಟಾಲಿ ತೀರ್ಪಿನ ನಂತರ ಆ ಹಂತದಲ್ಲಿ ಸಾಕ್ಷ್ಯವನ್ನು ಒರೆಗೆ ಹಚ್ಚುವುದಕ್ಕೂ ಅಡ್ಡಿಯಾಯಿತು. ಹೀಗಾಗಿ ತೀರ್ಪಿಗೆ ಮೊದಲೇ ಜನ ವರ್ಷಗಟ್ಟಲೆ ಒಳಗಿರುತ್ತಾರೆ. ಕೊನೆಗೆ ಖುಲಾಸೆಯಾದರೆ ಆ ವರ್ಷಗಳನ್ನು ಯಾರೂ ಮರಳಿ ಕೊಡಲಾರರು.

2021ರ ನಜೀಬ್ ತೀರ್ಪು ಉಸಿರಾಡಲು ಸ್ವಲ್ಪ ಜಾಗ ಕೊಟ್ಟಿತು. ಆರೋಪಿ ಐದು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದ, ಇನ್ನೂ 276 ಸಾಕ್ಷಿಗಳ ಹೇಳಿಕೆ ಬಾಕಿಯಿತ್ತು. ತ್ವರಿತ ವಿಚಾರಣೆ 21ನೇ ವಿಧಿಯ ಹಕ್ಕು, ಅದು ಸಿಗದಿದ್ದಾಗ ಸಂವಿಧಾನಾತ್ಮಕ ನ್ಯಾಯಾಲಯ ಜಾಮೀನು ಕೊಡುವುದನ್ನು 43ಡಿ(5) ತಡೆಯಲಾರದು ಎಂದಿತು ಸುಪ್ರೀಂ ಕೋರ್ಟ್. ಇನ್ನು ಬಂಧನದ ಕಾರಣಗಳನ್ನು ಲಿಖಿತವಾಗಿ ಕೊಡಲೇಬೇಕು ಎಂಬುದು 2024ರ ಮೇ ತಿಂಗಳ ಪ್ರಬೀರ್ ಪುರಕಾಯಸ್ಥ ತೀರ್ಪು. ಕೊಡದಿದ್ದ ಕಾರಣಕ್ಕೆ ಆ ಬಂಧನವನ್ನೇ ಅಸಿಂಧುಗೊಳಿಸಲಾಯಿತು.

ಪ್ರಶ್ನೆ (ಮೊದಲ ಸದಸ್ಯೆ): ಕಾರಣಗಳ ಪ್ರತಿ ಸಿಕ್ಕಿತು ಮೇಡಂ, ಕನ್ನಡದಲ್ಲೇ ಇದೆ. ಎರಡು ಗುಂಪುಗಳ ಹೊಡೆದಾಟದ ಒಂದೇ ಘಟನೆ ಬರೆದಿದ್ದಾರೆ. ಜಾಮೀನಿನ ಮಾತೇ ಇಲ್ಲ. ಹೈಕೋರ್ಟಿಗೆ ಹೋಗುವಷ್ಟು ಹಣ ನಮ್ಮಲ್ಲಿಲ್ಲ. ಹೋದರೂ, ಬಿಡುಗಡೆಯಾದ ಮೇಲೆ ಮತ್ತೆ ಇದೇ ಆದೇಶ ಮಾಡಿದರೆ?

ಉತ್ತರ: ನೀವು ಹೇಳಿದ ಎರಡೂ ಅಂಶ ಗಟ್ಟಿಯಾಗಿವೆ. 1965ರ ರಾಮ್ ಮನೋಹರ್ ಲೋಹಿಯಾ ಪ್ರಕರಣದಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ಮೂರು ವೃತ್ತಗಳನ್ನು ಕಲ್ಪಿಸಿಕೊಳ್ಳಿ ಎಂದರು: ಹೊರಗಿನದು ಕಾನೂನು ಪಾಲನೆ, ಅದರೊಳಗಿನದು ಸಾರ್ವಜನಿಕ ಸುವ್ಯವಸ್ಥೆ, ಎಲ್ಲಕ್ಕಿಂತ ಒಳಗಿನದು ರಾಜ್ಯದ ಭದ್ರತೆ. ಎಲ್ಲ ಹೊಡೆದಾಟವೂ ಕಾನೂನು ಭಂಗವೇ, ಆದರೆ ಊರಿನ ಜನಜೀವನವನ್ನೇ ಕಲಕದ ಹೊಡೆದಾಟ ಎರಡನೇ ವೃತ್ತಕ್ಕೂ ಬರುವುದಿಲ್ಲ, ಹಾಗಾಗಿ ಈ ಕಾಯ್ದೆಯ ಬಂಧನಕ್ಕೆ ಅದು ಸಾಲದು. ಇನ್ನು ಜಾಮೀನು ಆದೇಶವನ್ನು ಅಧಿಕಾರಿ ನೋಡಿಯೇ ಇಲ್ಲ ಎಂದಾದರೆ ಅವರು ಮನಸ್ಸಿಟ್ಟು ಯೋಚಿಸಿಲ್ಲ ಎಂದು ವಾದಿಸಬಹುದು.

ಹಣದ ಚಿಂತೆ ಬಿಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಸೆಕ್ಷನ್ 12ರಂತೆ ಬಂಧನದಲ್ಲಿರುವ ವ್ಯಕ್ತಿಗೆ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಕರೆ ಮಾಡಿ, ಇಲ್ಲವೇ ಹೈಕೋರ್ಟ್ ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಿ. 226ನೇ ವಿಧಿಯ ಅಡಿ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ನಿಮ್ಮ ಹೆಸರಿನಲ್ಲೇ ಹಾಕಬಹುದು. ಮಂಡಳಿಯ ವರದಿ ಬರಲಿ ಎಂದು ಕಾಯಬೇಕಾಗಿಲ್ಲ.

ಮತ್ತೆ ಆದೇಶ ಮಾಡುವ ಅಧಿಕಾರ ಅವರಿಗಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನ್ಯಾಯಾಲಯ ರದ್ದುಪಡಿಸಿದ ಕಾರಣಗಳನ್ನೇ ಮತ್ತೆ ನಕಲು ಮಾಡಿ ಹೊಸ ಆದೇಶ ಹೊರಡಿಸಿದರೆ ಅದು ನಿಲ್ಲುವುದಿಲ್ಲ. ಹೊಸ ಸಂಗತಿ ನಡೆದಿರಬೇಕು. ಆದ್ದರಿಂದ ಬಿಡುಗಡೆಯಾದ ದಿನದಿಂದ ನಿಮ್ಮ ತಮ್ಮ ಜಾಮೀನಿನ ಒಂದು ಷರತ್ತನ್ನೂ ತಪ್ಪಿಸದಂತೆ ನೋಡಿಕೊಳ್ಳಿ. ಠಾಣೆಗೆ ಸಹಿ ಹಾಕಲು ಹೋದರೆ ಆ ಪುಟದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಲು ಅನುಮತಿ ಕೇಳಿ. ಕಾರಣಗಳ ಪ್ರತಿಯನ್ನು ಇಂದು ರಾತ್ರಿ ನನಗೆ ಖಾಸಗಿಯಾಗಿ ಕಳುಹಿಸಿ, ಗುಂಪಿನಲ್ಲಿ ಹಾಕಬೇಡಿ. ಮನವಿಯ ಕರಡನ್ನು ನಾನೇ ಬರೆದುಕೊಡುತ್ತೇನೆ.